ಎಡಗಡೆ, ಪೊದೆಯ ಹಿಂದೆ

ಮನುಷ್ಯರಿಲ್ಲದ ಫೋಟೋ ಎಂದರೆ ನಮ್ಮವರಿಗೆ ಉಪ್ಪಿಲ್ಲದ ಸಾರು. ತಾಜಮಹಲೇ ಆಗಲಿ, ಅದರ ಮುಂದೆ ನಮ್ಮ ಅತ್ತಿಗೆ ನಿಂತಿರಬೇಕು. ಇಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ಲಿಗೆ ಮಕ್ಕಳ ಮನೆಗೆ ಬರುವ ಹಿರಿಯರಂತೂ ಮೊದಲ ವಾರ ಅಳಿಯನ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, ಎರಡನೇ ವಾರ ಫ್ರಿಜ್ಜಿನ ಬಾಗಿಲು ತೆರೆದು ನಿಂತು ಫೋಟೋ ತೆಗೆಸಿ ಊರಿಗೆ ಕಳಿಸುತ್ತಾರೆ. ನಾನು ಹಾಗಲ್ಲ ಎಂದು ಬಹಳ ಬೀಗುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳು ನೋಡಿ, ನನಗೆ ಟೇಸ್ಟ್ ಇದೆ.

ಈ ಟೇಸ್ಟ್ ಅಂಟಿಸಿದ್ದು ಮೈಸೂರಿನ ನಮ್ಮ ಇಂಗ್ಲಿಷ್ ಸಿಸ್ಟರ್. ಹೊರಗೆ ಜಟಕಾ ಕುದುರೆ ಕೆನೆಯುತ್ತಿದ್ದರೆ, ಒಳಗೆ ಆಕೆ ಇಂಗ್ಲೆಂಡಿನ ಹಳ್ಳಿಯ ಲೇನುಗಳನ್ನೂ ಬೇಲಿಯ ಕಾಡುಗುಲಾಬಿಗಳನ್ನೂ ಪಾಳುಬಿದ್ದ ಕ್ಯಾಸಲ್ಲುಗಳನ್ನೂ ವರ್ಣಿಸುತ್ತಿದ್ದರು. ಆ ದಾರಿಗಳಲ್ಲಿ ಯಾರೂ ಇರುತ್ತಿರಲಿಲ್ಲ. ಎರಡು ಜಡೆ ಹಾಕಿಕೊಂಡು ನಾನೊಬ್ಬಳೇ ನಡೆದು ಹೋಗುತ್ತಿದ್ದೆ. ಮದುವೆ, ಮಕ್ಕಳು, ಹಪ್ಪಳ, ಸಂಡಿಗೆ ಎಲ್ಲ ಮುಗಿಯುವಷ್ಟರಲ್ಲಿ ಎರಡು ಜಡೆ ಒಂದಾಗಿ, ಅದು ತುರುಬಾಗಿ, ತುರುಬು ನಿಂಬೆಹಣ್ಣಿನಷ್ಟಾಗಿತ್ತು. ದಾರಿ ಮಾತ್ರ ಮನಸ್ಸಿನಲ್ಲಿ ಹಾಗೇ ಇತ್ತು. ಆದ್ದರಿಂದ ಈ ಸಲ ಮಗಳ ಮನೆಗೆ ಬರುವಾಗ ನಡುವೆ ಇಂಗ್ಲೆಂಡಿನಲ್ಲಿ ಇಳಿದು, ಅಲ್ಲಿನ ಒಂದು ಹಳ್ಳಿಯಲ್ಲಿರುವ ನನ್ನ ಸ್ಕೂಲಿನ ಗೆಳತಿ ಲೀಲಳ ಮನೆಯಲ್ಲಿ ನಾನೂ ನಮ್ಮನೆಯವರೂ ಒಂದು ವಾರ ಉಳಿದೆವು.

ಅಳಿಯ ಕೊಟ್ಟಿದ್ದ ಕ್ಯಾಮೆರಾ ನನ್ನ ಕೊರಳಲ್ಲಿ. ಕೆಂಪು ಮಂಕಿ ಕ್ಯಾಪು ನಮ್ಮನೆಯವರ ತಲೆಯಲ್ಲಿ. ನಾನು ಯಾವ ಲೇನಿನತ್ತ ಕ್ಯಾಮೆರಾ ಹಿಡಿದರೂ ಅವರು ಹೋಗಿ ಅದರ ನಟ್ಟನಡುವೆ, ಕೈ ಹಿಂದೆ ಕಟ್ಟಿ, ಬ್ಯಾಂಕಿನ ಗ್ರೂಪ್ ಫೋಟೋಗೆ ನಿಂತ ಹಾಗೆ ನಿಲ್ಲುತ್ತಿದ್ದರು.

"ಸ್ವಲ್ಪ ಆಚೆ ಹೋಗಿ, ಪ್ಲೀಸ್."

"ಎಷ್ಟು ಆಚೆ?"

"ಕಾಣದಷ್ಟು."

ಪಾಪ, ಮಾತಾಡದೆ ಹೋಗುತ್ತಿದ್ದರು. ಅಲ್ಲಿ ಫುಟ್‌ಪಾತ್ ಎಂದರೆ ನಮ್ಮಲ್ಲಿನ ಹಾಗೆ ಅವರೆಕಾಯಿ ಗುಡ್ಡೆ ಹಾಕುವ ಜಾಗವಲ್ಲ, ಯಾರದೋ ಹೊಲದ ನಡುವೆ ಹಾದುಹೋಗುವ ಕಾಲುದಾರಿ. "ಬೇರೆಯವರ ಹೊಲ ಕಣೇ, ಬೈಸ್ಕೋತೀವಿ" ಎನ್ನುತ್ತಲೇ ಅಲ್ಲೂ ಹೋಗಿ ಬಚ್ಚಿಟ್ಟುಕೊಂಡರು. ಕೊನೆಗೆ ಕ್ಯಾಸಲ್ಲು. ಸೂರಿಲ್ಲ, ಬಾಗಿಲಿಲ್ಲ, ಮುರಿದ ಕಿಟಕಿಯಲ್ಲಿ ಆಕಾಶ. ನನ್ನ ಕಣ್ಣು ತುಂಬಿ ಬಂತು. ಅವರನ್ನು ಗೋಡೆಯ ಹಿಂದಕ್ಕೆ ಕಳಿಸಿ ಕ್ಲಿಕ್ ಮಾಡಿದೆ.

ಕ್ಯಾಂಪ್‌ಬೆಲ್ಲಿಗೆ ಬಂದ ಮೇಲೆ ಒಂದು ಶನಿವಾರ, ಕನ್ನಡದ ಮನೆಗಳೆಲ್ಲ ಒಂದೊಂದು ಪಾತ್ರೆ ಹಿಡಿದು ಸೇರಿದಾಗ, ಅಳಿಯ ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿ, ಪ್ರೊಜೆಕ್ಟರಿನಲ್ಲಿ ನನ್ನ ಫೋಟೋಗಳ ಸ್ಲೈಡುಗಳನ್ನು ಹಾಕಿದ. ಒಬ್ಬರಾದರೂ ಆಹಾ ಎಂದರೆ ಆ ಎರಡು ಜಡೆಯ ಹುಡುಗಿಗೆ ಸಮಾಧಾನವಾಗುತ್ತಿತ್ತು.

ಮೊದಲ ಲೇನು ಬಂತು. ಚಮಚಗಳು ತಟ್ಟೆಗೆ ತಗುಲುತ್ತಲೇ ಇದ್ದವು.

"ಅಜ್ಜಿ, ಇಟ್ಸ್ ಜಸ್ಟ್ ಅ ರೋಡ್," ಎಂದಳು ಮೊಮ್ಮಗಳು.

ಎರಡನೆಯದಕ್ಕೆ ಧಾರವಾಡದ ಡಾಕ್ಟರು ಕನಿಕರದಿಂದ, "ಅಮ್ಮಾರ, ಆ ಊರಾಗ ಮಂದೀನ ಇಲ್ಲೇನ್ರಿ?" ಎಂದರು. ಮೂರನೆಯದಕ್ಕೆ ಹತ್ತಿರದ ಫ್ರೀಮಾಂಟಿನಿಂದ ಬಂದಿದ್ದ ಹುಡುಗಿ, "ಆಂಟಿ, ನೀವು ನಿಜವಾಗ್ಲೂ ಹೋಗಿದ್ರಾ?" ಎಂದು ಕೇಳಿದಳು. ಇಬ್ಬರು ಮೊಸರನ್ನಕ್ಕೆ ಎದ್ದರು. ಇನ್ನು ಸಾಕು, ಲೈಟ್ ಹಾಕಪ್ಪ ಎನ್ನಬೇಕು, ಅಷ್ಟರಲ್ಲಿ ಕತ್ತಲೆಯಿಂದ ನಮ್ಮನೆಯವರ ದನಿ ಬಂತು.

"ಇದರಲ್ಲಿ ನಾನಿದ್ದೀನಿ. ಎಡಗಡೆ, ಪೊದೆ ಹಿಂದೆ."

ಎಲ್ಲರೂ ನಕ್ಕರು. ಮುಂದಿನ ಸ್ಲೈಡಿಗೆ, "ಇಲ್ಲಿ ಆ ಬೇಲಿ ಕೆಳಗೆ ಕೂತಿದ್ದೆ. ಹಸು ನನ್ನ ಶಾಲು ನೆಕ್ತಾ ಇತ್ತು."

ಮೊಸರನ್ನಕ್ಕೆ ಎದ್ದವರು ತಟ್ಟೆಯೊಂದಿಗೆ ವಾಪಸಾದರು. "ಇದರಾಗ ಎಲ್ಲಿದ್ರಿ ಸರ? ಮರದ ಹಿಂದ?" ಎಂದು ಡಾಕ್ಟರು ಮುಂದೆ ಬಾಗಿದರು. ಮಕ್ಕಳು ಬೆಡ್‌ಶೀಟಿನ ಹತ್ತಿರವೇ ಹೋಗಿ ಕೂತರು. ಕ್ಯಾಸಲ್ಲು ಬಂದದ್ದೇ ತಡ, ಮೊಮ್ಮಗಳು ಕಿರುಚಿದಳು: "ದೇರ್! ತಾತನ ಟೋಪಿ!"

ಹೌದು. ಮುರಿದ ಕಿಟಕಿಯಲ್ಲಿ, ನನ್ನ ಆಕಾಶದ ಮೂಲೆಯಲ್ಲಿ, ಕೆಂಪು ಮಂಕಿ ಕ್ಯಾಪು. ಆಹಾ ಎಂದು ಮನೆಯೇ ಕೂಗಿತು. ಅಳಿಯ ಆ ಸ್ಲೈಡನ್ನು ಮತ್ತೆ ಮತ್ತೆ ಹಾಕಬೇಕಾಯಿತು.

ಎಲ್ಲರೂ ಹೋದ ಮೇಲೆ ಕೇಳಿದೆ: "ಗೋಡೆ ಹಿಂದೆ ಇರಿ ಅಂದಿರಲಿಲ್ವಾ? ಯಾಕೆ ಇಣುಕಿದ್ರಿ?"

"ನೀನು ಫೋಟೋ ತೆಗೆಯೋವಾಗ ಹೇಗೆ ಕಾಣ್ತೀಯ ನೋಡೋಣ ಅಂತ."

"ಹೇಗೆ ಕಾಣ್ತಿದ್ದೆ?"

"ಒಂದು ಕಣ್ಣು ಮುಚ್ಕೊಂಡಿದ್ದೆ," ಎಂದು ಹಲ್ಲಿನ ಸೆಟ್ಟು ತೆಗೆದಿಡಲು ಹೋದರು.

ಆ ನಿರ್ಜನ ದಾರಿಗಳಲ್ಲಿ ನನ್ನನ್ನು ನೋಡುವವರೊಬ್ಬರು ಇದ್ದರು ಎಂದು ಸಿಸ್ಟರ್ ಹೇಳಿಕೊಟ್ಟಿರಲಿಲ್ಲ.

ಮರುದಿನ ಭಾನುವಾರ. ಮೈಸೂರಿನ ತಂಗಿಗೆ ಕಳಿಸಲು ಒಂದು ಫೋಟೋ ಇರಲಿ ಎಂದು, ಡ್ರೈವ್‌ವೇಯಲ್ಲಿ ಅಳಿಯನ ಕಾರಿನ ಪಕ್ಕ ನಿಂತೆ. ರೇಷ್ಮೆ ಸೀರೆ, ಮೇಲೆ ಸ್ವೆಟರು, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ. ಕೈ ತಾನಾಗಿಯೇ ಬಾನೆಟ್ಟಿನ ಮೇಲೆ ಹೋಯಿತು. ನಮ್ಮನೆಯವರು ಕ್ಯಾಮೆರಾ ಕಣ್ಣಿಗಿಟ್ಟು, ತೆಗೆದು, ಮತ್ತೆ ಇಟ್ಟರು.

"ಸ್ವಲ್ಪ ಆಚೆ ಹೋಗೇ. ಬರೀ ಕಾರು ತೆಗೀತೀನಿ. ಟೇಸ್ಟ್ ಇರ್ಲಿ."

"ಎಷ್ಟು ಆಚೆ?"

"ಕಾಣದಷ್ಟು."

ಮಾತಾಡದೆ ನಿಂಬೆ ಗಿಡದ ಹಿಂದೆ ಹೋಗಿ ನಿಂತೆ. ಸೆರಗು ಮಾತ್ರ ಒಂದಿಷ್ಟು ಹೊರಗೆ ಬಿಟ್ಟುಕೊಂಡೆ.