ಕೂಸು, ಕೊಡೆ, ಚೀಲ

ಓಬಳೇಶಪ್ಪನ ಅಂದಿನ ಪಾಡಿಗೆಲ್ಲ ಕಾರಣ ಒಂದು ಕೊಡೆ. ಅದೂ ಮೂರನೆಯ ಕೊಡೆ. ಮದುವೆಯಲ್ಲಿ ಮಾವ ಚಿಕ್ಕತಿಮ್ಮಪ್ಪನವರು ಕೊಟ್ಟ ಮೊದಲನೆಯದನ್ನು ಅವನು ಮದುವೆ ಮನೆಯಲ್ಲೇ ಕಳೆದುಕೊಂಡಿದ್ದ. ಎರಡನೆಯದು ಹಿರಿಯೂರಿನ ಸಂತೆಯಿಂದ ಯಾರ ತಲೆಗೆ ನೆರಳಾಗಿ ಹೋಯಿತೋ ಗೊತ್ತಿಲ್ಲ. ಮೂರನೆಯದನ್ನು ಕೊಡುವಾಗ ಮಾವನವರು ಬೈಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಬಹಳ ಮರ್ಯಾದೆಯಿಂದ ಅಳಿಯನ ಕೈಗಿಟ್ಟು, "ಅಳಿಯಂದ್ರೆ, ಇದು ನಿಮ್ಮತ್ರ ಎಷ್ಟು ದಿನ ಇರತೈತೋ ನೋಡಾಣ" ಎಂದರು. ಬೈದಿದ್ದರೆ ಮರೆತುಬಿಡಬಹುದಿತ್ತು. ಈ ಮಾತು ಮಾತ್ರ ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿಯಿತು.

ಕಳೆಯುವುದರಲ್ಲಿ ಓಬಳೇಶಪ್ಪ ಭೇದಭಾವ ಮಾಡಿದವನಲ್ಲ. ಚಪ್ಪಲಿ, ಟವೆಲ್ಲು, ಬೀಗದಕೈ, ಒಮ್ಮೆ ಕಾಲು ಕಟ್ಟಿದ ಕೋಳಿ. ಹೊಸದುರ್ಗದ ಸೊಸೈಟಿಯಲ್ಲಿ ಗುಮಾಸ್ತನಾಗಿ ರೇಷನ್ ಸಕ್ಕರೆಯನ್ನು ಗುಲಗಂಜಿಯಷ್ಟೂ ಆಚೀಚೆಯಾಗದಂತೆ ತೂಗಿಸುತ್ತಿದ್ದವನು, ಬಸ್ ಸ್ಟ್ಯಾಂಡಿಗೆ ಕಾಲಿಟ್ಟನೆಂದರೆ ಏನಾದರೊಂದು ಬಿಟ್ಟೇ ಬರುತ್ತಿದ್ದ. ಹಾಗಾಗಿ ಹೆಂಡತಿ ಜಯಕ್ಕ ತವರಿಗೆ ಹೊರಟಾಗಲೆಲ್ಲ ಮಾವನವರು ಮದಕರಿಪುರದಿಂದ ತಮ್ಮ ಮಗ ಮುರುಗಪ್ಪನನ್ನು ಕಳಿಸುತ್ತಿದ್ದರು. ಪಿಯುಸಿ ಫೇಲಾಗಿ ಬೆಲ್‌ಬಾಟಂ ಹಾಕಿಕೊಂಡು ಓಡಾಡುತ್ತಿದ್ದ ಅವನು ಅಕ್ಕನನ್ನು ಕರೆದುಕೊಂಡು ಹೋಗುವುದು, ತಂದು ಬಿಡುವುದು. ತಾಳಿ ಕಟ್ಟಿದವನು ಸ್ಟ್ಯಾಂಡಿನಲ್ಲಿ ನಿಂತು ಕೈ ಬೀಸುವುದು. ಸೊಸೈಟಿಯಲ್ಲಿ ಸಕ್ಕರೆ ಇಲ್ಲದ ದಿನ ಜನಕ್ಕೆ ಇದೇ ಮಾತು.

ಈ ಸಲ ಓಬಳೇಶಪ್ಪ ಹಟ ಹಿಡಿದ. ಒಂಬತ್ತು ತಿಂಗಳ ಮಗನಿಗೆ ಅಜ್ಜನ ಮನೆಯಲ್ಲಿ, ಸೋದರಮಾವನ ತೊಡೆಯ ಮೇಲೆ ಕೂರಿಸಿ ಜವಳ ತೆಗೆಸುವುದಿತ್ತು. "ಹೆಂಡ್ತಿ ಮಗನ್ನ ನಾನೇ ಕರ್ಕಂಡು ಬರ್ತೀನಿ, ಯಾರೂ ಬರಾದು ಬ್ಯಾಡ" ಎಂದು ಹೇಳಿ ಕಳಿಸಿದ. ಮದಕರಿಪುರದಿಂದ ಬಂದ ಉತ್ತರ ಚುಟುಕಾಗಿತ್ತು. "ಆಗಲಿ, ಇದೊಂದ್ಸಲ ನೋಡಾಣ. ಹೆಚ್ಚುಕಮ್ಮಿ ಆದ್ರೆ ಮುಂದೆ ಯಾವತ್ತಿದ್ರೂ ಮುರುಗಪ್ಪನೇ."

ಹೊರಟ ದಿನ ಬೆಳಿಗ್ಗೆ ದಾರಿಯುದ್ದಕ್ಕೂ ಜಯಕ್ಕ ಗಂಡನಿಗೆ ಪಾಠ ಹೇಳಿದಳು.

"ನಿಮ್ಮ ಜವಾಬ್ದಾರಿ ಮೂರೇ. ಕೂಸು, ಕೊಡೆ, ಚೀಲ. ಎಲ್ಲಿ, ಹೇಳ್ರಿ."

"ಕೂಸು, ಕೊಡೆ, ಚೀಲ."

"ಇಳಿಯೋವಾಗ ಹತ್ತೋವಾಗ ಇಷ್ಟು ಹೇಳ್ಕಳ್ರಿ. ಮೂರೂ ಇದ್ರೆ ನಮ್ಮಪ್ಪನ ಮುಂದೆ ನಿಮ್ಮ ಮೀಸೆ ಕೆಳಗಿಳಿಯಲ್ಲ."

ಓಬಳೇಶಪ್ಪ ಮಗ್ಗಿ ಒಪ್ಪಿಸುವ ಹುಡುಗನಂತೆ ಸ್ಟ್ಯಾಂಡು ಬರುವವರೆಗೂ ಅದನ್ನೇ ಗುನುಗಿದ. ಬಸ್ಸು ಇನ್ನೂ ಬಂದಿರಲಿಲ್ಲ. ಹೋಟೆಲಿನ ಬೆಂಚಿನಲ್ಲಿ ಕುಳಿತು ಇಬ್ಬರೂ ಟೀ ಕುಡಿದರು. ಆಮೇಲೆ ಜಯಕ್ಕ ಎದ್ದು, "ತವರಿಗೆ ಬರಿಗೈಲಿ ಹೋಗಾಕಾಗತೈತಾ, ಬಾಳೆಹಣ್ಣು ತಗಂಡು ಬರ್ತೀನಿ. ಬಸ್ ಬಂದ್ರೆ ನೀವು ಸೀಟು ಹಿಡೀರಿ" ಎಂದು ರಸ್ತೆ ದಾಟಿದಳು.

ಅವಳು ಅತ್ತ ಹೋದದ್ದು, ಚಿತ್ರದುರ್ಗದ ಬಸ್ಸು ಇತ್ತ ಬಂದದ್ದು. ಜನ ಬಾಗಿಲಿಗೆ ಮುಗಿಬಿದ್ದರು. ಕಿಟಕಿಗಳಿಂದ ಟವೆಲ್ಲುಗಳು ಒಳಗೆ ಹಾರಿದವು. ಓಬಳೇಶಪ್ಪನ ಜೀವಮಾನದ ಅನುಭವದಲ್ಲಿ, ಅವನು ಹಾಕಿದ ಟವೆಲ್ಲಿನ ಮೇಲೆ ಬೇರೆಯವರು ಕುಳಿತಿರುತ್ತಿದ್ದರು. ಇಳಿಯುವಾಗ ಟವೆಲ್ಲನ್ನೂ ಅವರೇ ಒಯ್ಯುತ್ತಿದ್ದರು. ಆದರೆ ಕೂಸಿನ ಮೇಲೆ ಯಾರು ತಾನೇ ಕೂರುತ್ತಾರೆ? ಅವನು ಮಗನನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಗೆ ಹಿಡಿದ.

ಒಳಗಿದ್ದ ಮುದುಕಿಯೊಬ್ಬಳು ತನ್ನದೇ ಮೊಮ್ಮಗನೇನೋ ಎನ್ನುವಂತೆ ಕೈಚಾಚಿದಳು. "ಕೊಡಪ್ಪ ಇಲ್ಲಿ. ಬಾರೋ ನನ್ನ ಬಂಗಾರ."

"ಸೀಟು ಹಿಡ್ದಿರವ್ವ, ಬಂದೆ." ಚೀಲವನ್ನೂ ತೂರಿಸಿದ.

ಮುದುಕಿ ಪಕ್ಕದ ಸೀಟಿನಲ್ಲಿ ಕೂಸನ್ನು ಕೂರಿಸಿ ಒಂದು ಕೈ ಅಡ್ಡ ಹಿಡಿದಳು. ಟವೆಲ್ಲು ಹಿಡಿದು ನುಗ್ಗಿದ ಗಟ್ಟಿಮುಟ್ಟಾದ ಆಳುಗಳೆಲ್ಲ ಕೂಸನ್ನು ನೋಡಿ ಹಲ್ಲುಕಿರಿದು ಮುಂದೆ ಹೋದರು. ಓಬಳೇಶಪ್ಪನ ಎದೆ ಉಬ್ಬಿತು. ಮೂವತ್ತು ವರ್ಷ ತಾನು ಮಾಡಲಾಗದ್ದನ್ನು ಹಲ್ಲು ಬರದ ಮಗ ಕೂತಲ್ಲೇ ಮಾಡಿದ್ದ.

ಬಾಗಿಲ ಕಡೆ ಹೊರಟವನು ಮಂತ್ರ ಹೇಳಿಕೊಂಡ. ಕೂಸು, ಒಳಗೈತೆ. ಚೀಲ, ಒಳಗೈತೆ. ಕೊಡೆ?

ಕಂಕುಳು ಖಾಲಿ. ಹೋಟೆಲಿನ ಬೆಂಚು ನೆನಪಾಯಿತು. ಓಡಿದ. ಪುಣ್ಯಕ್ಕೆ ಕೊಡೆ ಬೆಂಚಿನ ತುದಿಗೆ ಹಾಗೇ ನೇತಾಡುತ್ತಿತ್ತು. ಅದನ್ನು ಎದೆಗವಚಿಕೊಂಡು, ಮಾವನವರು ಈಗ ನೋಡಬೇಕಿತ್ತು ಎಂದು ಬೀಗುತ್ತ ತಿರುಗಿದರೆ, ಬಸ್ಸು ನಿಂತಿದ್ದ ಜಾಗದಲ್ಲಿ ಒಂದಿಷ್ಟು ಎಣ್ಣೆ ಕಲೆ ಇತ್ತು. ಬಸ್ಸು ಇರಲಿಲ್ಲ.

"ನನ್ನ ಕೂಸು" ಎಂದ. ಬಸ್ಸು ಹೋದ ದಿಕ್ಕಿಗೆ ಕೊಡೆ ಚಾಚಿ ತೋರಿಸಿದ.

ಕ್ಷಣದಲ್ಲಿ ಜನ ಸೇರಿತು. ಒಬ್ಬರು ಪೊಲೀಸರಿಗೆ ಹೇಳ್ರಿ ಎಂದರು, ಇನ್ನೊಬ್ಬರು ಮೊದಲು ಕುಂತ್ಕಂಡು ನೀರು ಕುಡೀರಿ ಎಂದರು. ಮತ್ತೊಬ್ಬರು ಕೂಸನ್ನು ಹೇಗೆ ಹಿಡಿಯಬೇಕಿತ್ತು ಎಂದು ಕೈಯಲ್ಲಿ ತೋರಿಸತೊಡಗಿದರು. ಅಲ್ಲೇ ಟೀ ಕುಡಿಯುತ್ತಿದ್ದ ಲಾರಿ ಡ್ರೈವರ್ ಜಮಾಲ್ ಸಾಬ್ ಮಾತ್ರ ಅರ್ಧ ಲೋಟ ಹಾಗೇ ಇಟ್ಟು ಎದ್ದ.

"ದುರ್ಗದ ಬಸ್ಸಾ? ಹೊಳಲ್ಕೆರೇಲಿ ನಿಲ್ಲತೈತೆ. ಹತ್ರಿ ಮ್ಯಾಲೆ."

ಮೇಲೆ ಅಂದರೆ ಮೇಲೆಯೇ. ಕ್ಯಾಬಿನ್ನಿನಲ್ಲಿ ತೆಂಗಿನಕಾಯಿ ವ್ಯಾಪಾರಿಗಳು ತುಂಬಿದ್ದರು. ಓಬಳೇಶಪ್ಪ ಕಾಯಿಗಳ ರಾಶಿಯ ಮೇಲೆ ಕೊಡೆ ಸಮೇತ ಕವುಚಿಬಿದ್ದ. ಲಾರಿ ಹಾರಿದಾಗ ಅವನೂ ಹಾರಿದ, ಕಾಯಿಗಳೂ ಹಾರಿದವು; ಕೆಳಗೆ ಬರುವಾಗ ಯಾರ ಮೇಲೆ ಯಾರು ಎನ್ನುವುದು ಪ್ರತಿ ಸಲವೂ ಬದಲಾಯಿತು. ಆದರೆ ಅವನಿಗೆ ನೋವು ತಿಳಿಯುತ್ತಿರಲಿಲ್ಲ. ಮಗನಿಗೆ ಹಸಿವಾಗಿದ್ದರೆ? ಯಾರಾದರೂ ನಡುವೆ ಎಲ್ಲೋ ಇಳಿಸಿಬಿಟ್ಟಿದ್ದರೆ? ಮಾವ, ಮುರುಗಪ್ಪ, ಸೊಸೈಟಿಯ ಮಾತು, ಯಾವುದೂ ಅವನ ತಲೆಯಲ್ಲಿರಲಿಲ್ಲ. ನಿದ್ದೆಯಲ್ಲಿ ತನ್ನ ಹೆಬ್ಬೆರಳು ಹಿಡಿದುಕೊಳ್ಳುವ ಆ ಪುಟ್ಟ ಕೈ ಒಂದು ಸಿಕ್ಕರೆ ಸಾಕಿತ್ತು. ಈ ಹಾಳು ಕೊಡೆಯನ್ನು ಎಸೆದೇಬಿಡೋಣ ಎನ್ನಿಸಿತು, ಆದರೂ ಕೈ ಬಿಡಲಿಲ್ಲ.

ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು. ಜಮಾಲ್ ಸಾಬ್ ಇಳಿದು ಬಂದು, ಓಬಳೇಶಪ್ಪನನ್ನು ಕೈಹಿಡಿದು ಇಳಿಸಿಕೊಂಡ. ಓಬಳೇಶಪ್ಪ ಎರಡೂ ಕೈ ಮುಗಿದ.

"ನಿಮ್ಮ ಋಣ ಹೆಂಗೆ ತೀರ್ಸಲಿ ಸಾಬ್ರೆ?"

"ನಮಗೂ ಮಕ್ಕಳವೆ, ನಡೀರಿ" ಎಂದು ಜಮಾಲ್ ಸಾಬ್ ಒಂದು ತೆಂಗಿನಕಾಯಿಯನ್ನೂ ಅವನ ಕೈಗಿಟ್ಟ. "ಕೂಸಿಗೆ ನೀವಾಳ್ಸಿ ಒಡೀರಿ. ಕೆಟ್ಟ ಕಣ್ಣು ಬಿದ್ದೈತೆ."

ಓಬಳೇಶಪ್ಪ ಬಸ್ಸಿನೊಳಗೆ ನುಗ್ಗಿ ನೋಡಿದರೆ, ಮಗ ದರ್ಬಾರು ನಡೆಸಿದ್ದ. ಎರಡೂ ಕೈಯಲ್ಲಿ ಬಿಸ್ಕತ್ತು, ಕೆನ್ನೆಗೆ ಯಾರೋ ಇಟ್ಟ ದೃಷ್ಟಿಬೊಟ್ಟು, ಹಣೆಗೆ ಮತ್ತೊಬ್ಬರು ಇಟ್ಟ ವಿಭೂತಿ, ಕೊರಳಿಗೆ ಇನ್ಯಾರೋ ಹಾಕಿದ ಸೇವಂತಿಗೆ ದಂಡೆ. ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಎಲ್ಲರ ತೊಡೆ ನೋಡಿ ಮುಗಿಸಿ ಈಗ ಮತ್ತೆ ಮುದುಕಿ ಏಕಾಂತಮ್ಮನ ಮಡಿಲಿಗೆ ಬಂದಿದ್ದ. ಅಪ್ಪ ಬಸ್ಸಿನಲ್ಲಿಲ್ಲ ಎಂದು ಗೊತ್ತಾದ ಮೇಲೆ ಕಂಡಕ್ಟರು, ಹೊಳಲ್ಕೆರೆಯಲ್ಲಿ ಕಾಯುವುದೆಂದು ತೀರ್ಮಾನಿಸಿದ್ದ. ಕೋರ್ಟಿನ ಕೆಲಸ ಇದ್ದವರು ಕೂಡ ತುಟಿ ಬಿಚ್ಚಿರಲಿಲ್ಲ.

"ಕೊಡವ್ವ, ನನ್ನ ಮಗ" ಎಂದು ಓಬಳೇಶಪ್ಪ ಕೈಚಾಚಿದ.

"ತಡಿ ಸ್ವಲ್ಪ" ಎಂದು ಅಡ್ಡ ಬಂದವನು ರುಮಾಲಿನ ಕಾಟಪ್ಪ. ಆ ಬಸ್ಸಿನ ಯಜಮಾನಿಕೆಯನ್ನು ಅವನು ಯಾರೂ ಕೊಡದೆಯೇ ವಹಿಸಿಕೊಂಡಿದ್ದ. "ನೀನೇ ಅಪ್ಪ ಅನ್ನಾಕೆ ಗುರುತೇನು? ಕೂಸಿನ ಹೆಸರು ಹೇಳು."

"ತಿಪ್ಪೇಸ್ವಾಮಿ."

"ಈ ಸೀಮೇಲಿ ಯಾವ ಕೂಸು ಹಿಡ್ಕಂಡು ಅದೇ ಹೆಸರು ಹೇಳಿದ್ರೂ ನಡೀತೈತೆ. ಮೈಮ್ಯಾಲೆ ಮಚ್ಚೆ ಎಲ್ಲೈತೆ?"

ಓಬಳೇಶಪ್ಪ ಬೆವೆತ. ಮಚ್ಚೆಯ ಸಂಗತಿ ಅವನ ಜವಾಬ್ದಾರಿಗೆ ಬಂದಿರಲಿಲ್ಲ. ಅಷ್ಟರಲ್ಲಿ, ಧೂಳು ಮೆತ್ತಿ ತಲೆಗೂದಲಿಗೆ ತೆಂಗಿನ ನಾರು ಅಂಟಿದ್ದ ಅವನನ್ನು ಕೂಸು ನೋಡಿತು. ಅಷ್ಟು ಜನ ಎತ್ತಿ ಆಡಿಸಿದರೂ ನಗುತ್ತಿದ್ದದ್ದು ತುಟಿ ಮುಂದೆ ಮಾಡಿ, ಬಿಸ್ಕತ್ತು ಕೈಬಿಟ್ಟು, ಅವನ ಕಡೆ ಕೈಚಾಚಿ ಗೋಳೋ ಎಂದು ಅತ್ತಿತು.

"ಅಪ್ಪನೇ" ಎಂದಳು ಏಕಾಂತಮ್ಮ. "ಪರರ ಮುಂದೆ ಯಾವ ಕೂಸೂ ಹಿಂಗೆ ದೂರು ಹೇಳಲ್ಲ."

ಕಾಟಪ್ಪ ದಾರಿ ಬಿಟ್ಟ. ಬಿಟ್ಟು ಸುಮ್ಮನಿರಲಿಲ್ಲ. "ಜತೇಲಿ ತಾಯಿ ಇದ್ದಿದ್ರೆ ಹಿಂಗಾಗ್ತಿತ್ತೇನ್ರಪ್ಪ? ಬರೇ ಗಂಡಸಿನ ಕೈಲಿ ಕೂಸು ಕಳಿಸ್ತಾರಲ್ಲ, ಅವರಿಗೆ ಹೇಳಬೇಕು."

ಮಗನನ್ನು ಎದೆಗೊತ್ತಿಕೊಂಡು ಕಣ್ಣೀರು ಒರೆಸಿಕೊಳ್ಳುತ್ತಿದ್ದ ಓಬಳೇಶಪ್ಪನಿಗೂ ಅದು ನ್ಯಾಯವಾದ ಮಾತೆನಿಸಿತು. ತಲೆಯಾಡಿಸಿದ.

ಅಲ್ಲಿಂದ ದುರ್ಗದವರೆಗೆ ಅವನು ಕಂಡ ಸುಖ ಯಾವ ಬಸ್ಸಿನಲ್ಲೂ ಕಂಡಿರಲಿಲ್ಲ. ಕಿಟಕಿ ಪಕ್ಕದ ಸೀಟು ಅವನದಾಯಿತು. ಒಬ್ಬರು ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಕಾಟಪ್ಪನೇ ರುಮಾಲು ಬಿಚ್ಚಿ ಬಿಸಿಲಿಗೆ ಮರೆ ಹಿಡಿದ. ಕೂಸು ತೊಡೆ ಒದ್ದೆ ಮಾಡಿದಾಗ ಸುತ್ತಲಿನವರೆಲ್ಲ ಒಳ್ಳೆಯ ಶಕುನ ಎಂದು ಸಂತೋಷಪಟ್ಟರು. ತಾನೊಬ್ಬನೇ ಇದ್ದಿದ್ದರೆ ಈ ಜನ ತನ್ನ ಕಾಲು ತುಳಿದು ನಿಲ್ಲುತ್ತಿದ್ದರು. ಇವರಲ್ಲಿ ಇಷ್ಟು ಒಳ್ಳೆಯತನ ಇತ್ತೆಂದು ತೋರಿಸಿಕೊಡಲು ಒಂದು ಕೂಸು ಬೇಕಾಯಿತು. ಓಬಳೇಶಪ್ಪ ಮಗನ ನೆತ್ತಿ ಮೂಸಿದ. ಬದುಕಿನಲ್ಲಿ ಅಷ್ಟು ತೃಪ್ತಿ ಅವನಿಗೆ ಎಂದೂ ಆಗಿರಲಿಲ್ಲ.

ದುರ್ಗದಲ್ಲಿ ಇಳಿಯುವಾಗ ಏಕಾಂತಮ್ಮನ ಕಾಲು ಮುಟ್ಟಿ ನಮಸ್ಕರಿಸಿದ. ಕೂಸನ್ನು ನೋಡಿ ಜಟಕಾದವನೂ, ಮೊದಲೇ ಹತ್ತಿದ್ದವರನ್ನು ಇಳಿಸಿ ಇವನನ್ನು ಕೂರಿಸಿಕೊಂಡ. ಮದಕರಿಪುರದ ಹಾದಿಯಲ್ಲಿ ಓಬಳೇಶಪ್ಪ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡ. ಕೂಸು. ಕೊಡೆ. ಚೀಲ. ಮೇಲೊಂದು ತೆಂಗಿನಕಾಯಿ. ಕಳೆಯುವುದಿರಲಿ, ಮನೆಯಿಂದ ಹೊರಟಾಗಿನದಕ್ಕಿಂತ ಒಂದು ಹೆಚ್ಚೇ ಇತ್ತು.

ಮಾವನವರು ಜಗಲಿಯ ಮೇಲೆ ಕಾಯುತ್ತಿದ್ದರು. ಓಬಳೇಶಪ್ಪ ಗತ್ತಿನಿಂದ ಇಳಿದು ಮೊದಲು ಕೊಡೆಯನ್ನು ಅವರ ಕಣ್ಣಿಗೆ ಬೀಳುವಂತೆ ಜಗಲಿಗೆ ಒರಗಿಸಿದ. ಚೀಲವನ್ನು ಅದರ ಪಕ್ಕ ಇಟ್ಟ. ಮೇಲೆ ತೆಂಗಿನಕಾಯಿ. ಕೂಸನ್ನು ಅಜ್ಜನ ಕೈಗೆ ಕೊಟ್ಟ. ಚಿಕ್ಕತಿಮ್ಮಪ್ಪನವರು ಒಂದೊಂದನ್ನೇ ನೋಡಿದರು. ಮೊದಲ ಸಲ ಅಳಿಯನನ್ನು ಕಂಡು ಅವರ ಮುಖ ಅರಳಿತು.

"ಪರವಾಗಿಲ್ಲ ಅಳಿಯಂದ್ರೆ. ಗೆದ್ರಿ."

ಈ ಮಾತಿಗಾಗಿ ಓಬಳೇಶಪ್ಪ ಮದುವೆಯಾದಂದಿನಿಂದ ಕಾದಿದ್ದ. ಗಂಟಲಿನ ಮುಳ್ಳು ಕರಗಿಹೋಯಿತು.

ಅಷ್ಟರಲ್ಲಿ ಅತ್ತೆ ನಿಂಗಕ್ಕ ತಟ್ಟೆಯಲ್ಲಿ ಓಕುಳಿ ನೀರು ಹಿಡಿದು ಹೊಸ್ತಿಲಿಗೆ ಬಂದರು. ಮೊಮ್ಮಗನ ಮುಖ ನೋಡಿ ಹಿಗ್ಗಿದರು. ಆಮೇಲೆ ಜಟಕಾದ ಕಡೆ ಕತ್ತು ಚಾಚಿ, "ಜಯಿ, ಇಳಿದು ಬಾರೇ. ತಾಯಿ ಮಗ ಇಬ್ಬರೂ ಒಟ್ಟಿಗೆ ನಿಂತ್ಕಳ್ರಿ, ಆರತಿ ಎತ್ತಿ ಒಳಗೆ ಕರ್ಕಂತೀನಿ" ಎಂದರು.

ಓಬಳೇಶಪ್ಪ ಜಟಕಾದ ಕಡೆ ತಿರುಗಿದ. ಜಟಕಾದಲ್ಲಿ ಹುಲ್ಲಿತ್ತು.

ಚಿಕ್ಕತಿಮ್ಮಪ್ಪನವರು ನಿಧಾನವಾಗಿ ಕೇಳಿದರು. "ಜಯಕ್ಕ ಎಲ್ಲಿ?"

"ಬಾಳೆಹಣ್ಣು ತರಾಕೆ ಹೋಗ್ಯಾಳೆ."

"ಎಲ್ಲಿಗೆ?"

"ಹೊಸದುರ್ಗದಾಗೆ. ರಸ್ತೆ ಆ ಕಡೆಗೆ."

ನಿಂಗಕ್ಕನ ಕೈಯಲ್ಲಿ ತಟ್ಟೆ ಹಾಗೇ ನಿಂತಿತು. ಒಳಗಿಂದ ತಲೆ ಬಾಚಿಕೊಳ್ಳುತ್ತ ಬಂದ ಮುರುಗಪ್ಪನ ಕಡೆ ಮಾವನವರು ಒಮ್ಮೆ ನೋಡಿದರು, ಅಷ್ಟೇ. ಮುರುಗಪ್ಪ ಬಾಚಣಿಗೆಯನ್ನು ಜೇಬಿಗೆ ಸೇರಿಸಿ ಚಪ್ಪಲಿ ಮೆಟ್ಟಿದ.

"ಮಾವ, ನಾನೇ ಹೋಗ್ತೀನಿ" ಎಂದು ಓಬಳೇಶಪ್ಪ ಅಂಗಲಾಚಿದ. ಅವಸರಕ್ಕೆ ಜಗಲಿಗೆ ಒರಗಿಸಿದ್ದ ಕೊಡೆಯನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡ. "ಹಿಂಗೆ ಹೋಗಿ ಹಂಗೆ ಕರ್ಕಂಡು ಬರ್ತೀನಿ. ನೀವು ಕೂಸನ್ನ ಒಂದೀಟು ಕೊಟ್ಟಿರ್ರಿ. ಕೂಸಿದ್ರೆ ಬಸ್ಸಿನಾಗೆ ಸೀಟು ಸಿಗತೈತೆ."

ಚಿಕ್ಕತಿಮ್ಮಪ್ಪನವರು ಮೊಮ್ಮಗನನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡರು. ಬಿಡುವಾದ ಕೈಯನ್ನು ಬಹಳ ಮರ್ಯಾದೆಯಿಂದ ಅಳಿಯನ ಮುಂದೆ ಚಾಚಿದರು.

"ಅಳಿಯಂದ್ರೆ, ಆ ಕೊಡೆನೂ ಇಲ್ಲೇ ಕೊಟ್ಟು ಹೋಗ್ರಿ."