ಕೇಶವಮೂರ್ತಿಯವರ ಕಂಪ್ಯೂಟರಿಗೆ ಗಂಟಲು ಕಟ್ಟಿದ್ದು

ಹನ್ನೆರಡು ವರ್ಷ ಮನೆಯವರ ಜೊತೆ ಬಾಳಿದ ಕಂಪ್ಯೂಟರು ಒಂದು ದಿನ ಇದ್ದಕ್ಕಿದ್ದಂತೆ ಮೌನವ್ರತ ಹಿಡಿದರೆ ಮನುಷ್ಯನಿಗೆ ಹೇಗಾಗಬೇಡ? ಚೆಂಬೂರಿನ ಶಾಂತಿಕುಂಜ ಸೊಸೈಟಿಯ ಮೊದಲ ಮಹಡಿಯ ಕೇಶವಮೂರ್ತಿಯವರಿಗೆ ಗಣಪತಿ ಹಬ್ಬ ಮುಗಿದ ಲಾಗಾಯ್ತು ಇದೇ ಸಂಕಟ. ಪರದೆಯ ಮೇಲೆ ವಿದ್ವಾಂಸರು ಬಾಯಿ ತೆರೆಯುತ್ತಿದ್ದರು, ಮೃದಂಗದವರ ಬೆರಳು ಕುಣಿಯುತ್ತಿತ್ತು. ಸದ್ದು ಮಾತ್ರ ಸೊನ್ನೆ.

"ಎಸೀರಿ ಅದನ್ನ. ಕೆಳಗೆ ಹಳೇ ಸಾಮಾನಿನ ಭಂಗಾರ್‌ವಾಲಾ ಬಂದಿದ್ದಾನೆ," ಎಂದು ಹೆಂಡತಿ ಸುಪ್ರಜಾ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

"ಮೂವತ್ತೈದು ವರ್ಷ ಕಾರ್ಖಾನೆಯ ಬಾಯ್ಲರ್ ರಿಪೇರಿ ಮಾಡಿಸಿದವನು ಕಣೇ ನಾನು. ಈ ಡಬ್ಬಕ್ಕೆ ಹೆದರ್ತೀನಾ?"

"ಬಾಯ್ಲರು ಕಛೇರಿ ಮಾಡ್ತಿತ್ತೇನ್ರೀ?"

ಕೇಶವಮೂರ್ತಿ ಸ್ಕ್ರೂಡ್ರೈವರ್ ಹಿಡಿದು ಡಬ್ಬದ ಪಕ್ಕೆ ಬಿಚ್ಚಿದರು. ಒಳಗಿಂದ ಒಂದು ಬೊಗಸೆ ಧೂಳೂ ಎರಡು ಜಿರಲೆಗಳೂ ಹೊರಬಂದವು; ಸದ್ದು ಬರಲಿಲ್ಲ. ಬದಲಿಗೆ 'ಯಾವುದೋ ಫೈಲು ಕಾಣೆಯಾಗಿದೆ' ಎಂಬ ಹೊಸ ತಕರಾರು ಶುರುವಾಯಿತು. ಒಮ್ಮೆಯಂತೂ ಪರದೆ ಪೂರ್ತಿ ನೀಲಿಯಾಗಿ, ಕೇಶವಮೂರ್ತಿಯವರ ಮುಖ ಪೂರ್ತಿ ಬಿಳಿಯಾಗಿ, ಸುಪ್ರಜಾ ದೇವರ ಮುಂದೆ ತುಪ್ಪದ ದೀಪ ಹಚ್ಚಬೇಕಾಯಿತು (ಯಂತ್ರಕ್ಕೋ ಗಂಡನಿಗೋ, ಅವರು ಹೇಳಲಿಲ್ಲ).

ಇದರ ನಡುವೆ ಇನ್ನೊಂದು ಕಂಟಕ. ಭಾನುವಾರ ಸೊಸೈಟಿಯ ವಾರ್ಷಿಕ ಸಭೆ. ವಿಜಯಪುರ ಕಡೆಯ ಸೆಕ್ರೆಟರಿ ಅಣವೀರಪ್ಪನವರು ಆರು ವರ್ಷ ನೀರಿನ ಟ್ಯಾಂಕು, ಲಿಫ್ಟು, ಪಾರಿವಾಳದ ಜಗಳ ಎಲ್ಲ ಸಂಭಾಳಿಸಿ ಸಾಕಾಗಿ, "ಮುಂದಿನ ಸೆಕ್ರೆಟರಿ ಮೂರ್ತಿ ಸಾಹೇಬ್ರ," ಎಂದು ವಾಚ್‌ಮನ್ ಹತ್ತಿರ ಹೇಳಿದ್ದರು. ವಾಚ್‌ಮನ್ ಹತ್ತಿರ ಹೇಳಿದ್ದೆಂದರೆ ಗೆಜೆಟ್ಟಿನಲ್ಲಿ ಪ್ರಕಟವಾದಂತೆ.

ಕೇಶವಮೂರ್ತಿ ಶುಕ್ರವಾರದಿಂದಲೇ ಗಂಟಲು ಕಟ್ಟಿಸಿಕೊಂಡರು. ಕತ್ತಿಗೆ ಮಫ್ಲರ್ ಸುತ್ತಿ, ಬೇಕಾದ್ದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದರು. ಹೆಂಡತಿಗೂ ಗುಟ್ಟು ಬಿಡಲಿಲ್ಲ. ಸುಪ್ರಜಾ ಪಾಪ, ದಿನಕ್ಕೆ ಮೂರು ಸಲ ಮೆಣಸು, ಶುಂಠಿ, ಜೀರಿಗೆ ಕುಟ್ಟಿ ಕಷಾಯ ಕಾಯಿಸಿದರು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ, "ಮಾತಾಡಬೇಡಿ, ಮಲಕ್ಕೊಳ್ಳಿ. ನಿಮ್ಮ ಪರವಾಗಿ ನಾನು ಹೋಗಿ ಬರ್ತೀನಿ," ಎಂದು ಸೀರೆ ಸೆರಗು ಸರಿಮಾಡಿಕೊಂಡು ಕೆಳಗಿನ ಹಾಲ್‌ಗೆ ಹೊರಟರು.

ಬಾಗಿಲು ಮುಚ್ಚಿದ ಮರುಕ್ಷಣ ಕೇಶವಮೂರ್ತಿ ಮಫ್ಲರ್ ಬಿಸಾಡಿದರು. ಸಭೆಯ ಹಾಲ್ ಸರಿಯಾಗಿ ತಮ್ಮ ಮನೆಯ ಕೆಳಗೇ ಇದ್ದದ್ದರಿಂದ ತಮ್ಮ ದನಿ ಕೆಳಗೆ ಕೇಳದಿರಲೆಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಫ್ಯಾನ್ ಜೋರು ಮಾಡಿ, ಗೋರೆಗಾಂವ್‌ನ ಮಗಳು ಹರಿಣಿಗೆ ಫೋನ್ ಹಚ್ಚಿದರು.

"ಅಪ್ಪಾ, ಗಂಟಲು ಠೀಕ್ ಆಯ್ತಾ?"

"ಸಾಯಂಕಾಲದವರೆಗೆ ಆಗಲ್ಲ. ಈಗ ಕಂಪ್ಯೂಟರ್ ವಿಷಯ ಹೇಳು."

"ಏಕ್ ಕಾಮ್ ಮಾಡು. ಮೈಕ್‌ನಲ್ಲಿ ಏನಾದ್ರೂ ಬೋಲ್‌ಕೇ ರೆಕಾರ್ಡ್ ಮಾಡು, ಆಮೇಲೆ ಪ್ಲೇ ಮಾಡು. ಹಸಿರು ಗೆರೆ ಹಿಲ್ತಾ ಹೈ ಅಂದ್ರೆ ಸೌಂಡ್ ಹೋಗ್ತಾ ಇದೆ ಅಂತ ಅರ್ಥ."

"ಎಲ್ಲಿಗೆ ಹೋಗ್ತಾ ಇದೆ?"

"ಪತಾ ನಹೀಂ ಅಪ್ಪಾ, ಇಲ್ಲಿ ಕುಕ್ಕರ್ ಕೂಗ್ತಾ ಇದೆ."

ಕೇಶವಮೂರ್ತಿ ಮೈಕಿನ ಮುಂದೆ ಕುಳಿತು, "ಹಲೋ, ಹಲೋ, ಒಂದು, ಎರಡು, ಮೂರು," ಎಂದು ಹೇಳಿ, ಅದನ್ನು ತಿರುಗಿ ಹಾಕಿದರು. ಅರೆ, ಹಸಿರು ಗೆರೆ ನಿಜವಾಗಿ ಕುಣಿಯಿತು. ಸದ್ದು ಮಾತ್ರ ಇಲ್ಲ. ಒಂದು ಎರಡಕ್ಕೆ ಜೀವವಿಲ್ಲವೆಂದು ಶ್ರುತಿ ಏರಿಸಿ ಒಂದು ದೇವರನಾಮದ ಪಲ್ಲವಿ ಹಾಡಿ ಹಾಕಿದರು. ಗೆರೆ ಇನ್ನೂ ಎತ್ತರಕ್ಕೆ ಹಾರಿತು. ಆ ಉತ್ಸಾಹದಲ್ಲಿ ಅವರಿಗೆ ಸ್ವಲ್ಪ ಆಟದ ಬುದ್ಧಿ ಬಂತು.

"ಶಾಂತಿಕುಂಜದ ಮಹಾಜನರೇ," ಎಂದು ಮೈಕಿಗೆ ಬಾಯಿಟ್ಟರು, "ಗಂಟಲು ಕಟ್ಟಿದೆ ಅಂತ ಸುಳ್ಳು ಹೇಳಿ ಮನೇಲಿ ಕೂತ ಕೇಶವಮೂರ್ತಿ ಮಾತಾಡ್ತಿದ್ದೇನೆ. ನನ್ನನ್ನ ಸೆಕ್ರೆಟರಿ ಮಾಡ್ತೀರಾ? ನನಗೇನು ಹುಚ್ಚು ನಾಯಿ ಕಚ್ಚಿದೆಯಾ? ಸುಪ್ರಜಾ ಕೊಟ್ಟ ಆರು ಲೋಟ ಕಷಾಯ ಸಿಂಕಿಗೆ ಸುರಿದು ಈ ಸ್ವಾತಂತ್ರ್ಯ ಗಳಿಸಿದ್ದೇನೆ. ಈಗ ನಮ್ಮ ಅಣವೀರಪ್ಪನವರ ಭಾಷಣ ಕೇಳಿ." ಮೂಗಿನಲ್ಲಿ ದನಿ ಇಳಿಸಿ ಮುಂದುವರಿಸಿದರು: "ಎಲ್ಲಾರೂ ಸುಮ್ ಕೂಡ್ರಿ. ನೀರ ಸಂಜಿಗಿ ಬರ್ತಾವ್ರೀ. ಯಾವ ಸಂಜಿಗಿ ಅಂತ ಕೇಳಬ್ಯಾಡ್ರಿ."

ವಾಲ್ಯೂಮು ನೂರಕ್ಕೆ ನೂರು ಮಾಡಿ ಅದನ್ನು ಹಾಕಿದರು. ಗೆರೆ ತುದಿ ಮುಟ್ಟಿ ಕೆಂಪಾಯಿತು. ಆದರೂ ಕೇಳಲಿಲ್ಲ. ಇರಲಿ ಎಂದು ಮತ್ತೆರಡು ಸಲ ಹಾಕಿದರು. ಕೆಳಗಿನಿಂದ ಯಾರದೋ ಭಾಷಣದ ಅಸ್ಪಷ್ಟ ಗದ್ದಲ, ಅದರ ಬೆನ್ನಿಗೇ ಮುಚ್ಚಿದ ಕಿಟಕಿಯನ್ನೂ ದಾಟಿ ಗೊಳ್ಳೆಂದು ನಗುವೊಂದು ಬಂತು. ಸೊಸೈಟಿ ಸಭೆಯಲ್ಲೂ ಜನ ನಗುವ ಕಾಲ ಬಂತಲ್ಲ ಎಂದುಕೊಂಡು ಅವರು ಕಾಣೆಯಾದ ಫೈಲನ್ನು ಹುಡುಕತೊಡಗಿದರು.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ಕೇಶವಮೂರ್ತಿ ಮಫ್ಲರಿಗೆ ತಡಕಾಡಿದರು. ಅದು ಸೋಫಾದ ಹಿಂದೆಲ್ಲೋ ಬಿದ್ದಿತ್ತು. ಸುಪ್ರಜಾರ ಹಿಂದೆ ಅಣವೀರಪ್ಪ, ಅವರ ಕಂಕುಳಲ್ಲಿ ಕುಂಬಳಕಾಯಿ ಗಾತ್ರದ ಕಪ್ಪು ಸ್ಪೀಕರ್.

"ನಮಸ್ಕಾರ್ರೀ ಸಾಹೇಬ್ರ," ಎಂದರು ಅಣವೀರಪ್ಪ. "ಗಣಪತಿ ಹಬ್ಬದಾಗ ನಿಮ್ ಕಂಪ್ಯೂಟರಿಂದ ಈ ಸ್ಪೀಕರಿಗೆ ಭಜನಿ ಹಾಕಿದ್ವಲ್ರೀ, ವಾಯರ್ ಇಲ್ದಂಗ. ಅವತ್ತಿಂದ ಅದು ತನ್ನ ದನಿ ಎಲ್ಲಾ ಇದಕ್ಕ ಕಳಸಾಕತ್ತೈತಿ. ಇದು ನನ್ನ ಕಪಾಟಿನ್ಯಾಗ ಬಂದ್ ಇತ್ತು. ಇವತ್ತು ಸಭಾದಾಗ ಚಾಲೂ ಮಾಡಿದ್ವಿ ನೋಡ್ರಿ, ನಿಮ್ ಕಂಪ್ಯೂಟರಿಗೆ ಪಟ್ ಅಂತ ಕೂಡ್ಕೊಂಡ್ತು."

ಕೇಶವಮೂರ್ತಿ ಕುರ್ಚಿಯ ಹಿಡಿಕೆ ಹಿಡಿದು ಮೆಲ್ಲಗೆ ಕುಳಿತರು. ಕೊನೆಗೆ ಮುಳುಗುವವನಿಗೆ ಹುಲ್ಲುಕಡ್ಡಿ ಎಂಬಂತೆ ಒಂದು ಆಸೆ ಮೂಡಿತು.

"ಸಭೇಲಿ ಮರಾಠಿಯವರು, ಗುಜರಾತಿಯವರೇ ಜಾಸ್ತಿ ಅಲ್ವಾ? ಅವರಿಗೆ ಕನ್ನಡ ಅರ್ಥ ಆಗಿರಲ್ಲ."

"ಆಗ್ಲಿಲ್ಲ," ಎಂದರು ಸುಪ್ರಜಾ. "ಅದಕ್ಕೇ ಅಣವೀರಪ್ಪನವರು ಒಂದೊಂದು ಮಾತೂ ಹಿಂದಿಗೆ ಅನುವಾದ ಮಾಡಿ ಹೇಳಿದ್ರು. ಅವರ ಭಾಷಣದ ಭಾಗವನ್ನೂ ಬಿಡಲಿಲ್ಲ. ನೀವು ಮೂರು ಸಲ ಹಾಕಿದ್ರಲ್ಲ, ಮೂರನೇ ಸಲಕ್ಕೆ ಅವರೇ ನಿಮಗಿಂತ ಚೆನ್ನಾಗಿ ಮಾಡಿದ್ರು."

"ಎಲ್ಲಾರೂ ಒಂದ ಮಾತ ಅಂದ್ರು," ಎಂದು ಅಣವೀರಪ್ಪ ಬೀಗದ ಕೈಗೊಂಚಲನ್ನೂ ಒಂದು ದಪ್ಪ ಫೈಲನ್ನೂ ಕೀಬೋರ್ಡಿನ ಮೇಲಿಟ್ಟರು. "ಇಂಥಾ ಗಟ್ಟಿ ದನಿ ಇರೋ ಮನುಷ್ಯಾನ ಸೆಕ್ರೆಟರಿ ಆಗ್ಬೇಕು ಅಂತ. ನಾ ಹೆಸರ ಸೂಚಿಸಿದೆ."

"ಅನುಮೋದಿಸಿದ್ದು ಯಾರು?"

"ನಾನು," ಎಂದರು ಸುಪ್ರಜಾ.

ಕೇಶವಮೂರ್ತಿ ಹೆಂಡತಿಯ ಮುಖವನ್ನೇ ನೋಡಿದರು. "ಒಬ್ಬರಾದರೂ ಬೇಡ ಅಂತ ಕೈ ಎತ್ತಲಿಲ್ವಾ?"

"ಒಂದು ಕೈ ಎದ್ದಿತ್ತು," ಎಂದರು ಸುಪ್ರಜಾ, ಕೈಚೀಲವನ್ನು ಗೂಟಕ್ಕೆ ಸಿಕ್ಕಿಸುತ್ತ. "ನನ್ನದೇ. ಅನುಮೋದಿಸೋಕೆ ಎತ್ತಿದ್ದು, ಇಳಿಸೋದು ಮರೆತಿದ್ದೆ."