ಬಲಗಡೆಯಿಂದ ಶುರು

"ಊಟಕ್ಕ ಒಲ್ಲೆ ಅಂದ್ರ ಆ ಮನಿ ಓಟು ಹೋತು ಅಂತನ ತಿಳೀರಿ, ಸಣ್ಣ ಸಾಹೇಬ್ರ," ಎಂದ ಹುಲ್ಲಪ್ಪ ಜೀಪು ನಿಲ್ಲಿಸುತ್ತ. "ನಿಮ್ಮಜ್ಜಾರು ಎಲ್ಲಾರ ಮನ್ಯಾಗೂ ಉಣ್ತಿದ್ರು. ಮತ್ತ ಓಣಿ ಹೊಕ್ಕರ ಬಲಗಡಿಯಿಂದನ ಶುರು. ಅದು ಮುಗಿಯೂತನಕ ಎಡಗಡಿ ಹೊಳ್ಳಿ ನೋಡಬಾರದು."

ಅಜ್ಜ ಬಾಬಣ್ಣ ಶಾಸಕರಾಗಿದ್ದಾಗ ಹುಲ್ಲಪ್ಪನೇ ಡ್ರೈವರ್. 'ಮಗ್ಗದ' ಎಂಬುದು ಅವರ ಮನೆತನದ ಅಡ್ಡಹೆಸರು. ಮೊಮ್ಮಗ ಶಿವಪುತ್ರ ಬೆಳೆದದ್ದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ಇಳಕಲ್ಲಿನ ಓಣಿಗಳು ಅವನ ಕಣ್ಣಿಗೆ ಸಿಕ್ಕುಬಿದ್ದ ನೂಲಿನ ಉಂಡೆ. ಎರಡು ಚುನಾವಣೆ ಸೋತಾಗಿತ್ತು. ಈ ನಗರಸಭೆಯದೂ ಸೋತರೆ ಮುಂದೆ ಟಿಕೆಟ್ಟಿಲ್ಲ ಎಂದು ಪಕ್ಷದವರು ಹೇಳಿಬಿಟ್ಟಿದ್ದರು. ನಾಳೆ ಮತದಾನ. ಉಳಿದದ್ದು ನೇಕಾರರ ಇದೊಂದೇ ಓಣಿ.

"ಹೊಟ್ಟಿ ಒಡದರೂ ಚಿಂತಿಲ್ಲ, ಗೆದ್ದ ತೀರ್ತೇನಿ," ಎಂದ ಶಿವಪುತ್ರ.

ಪ್ರಚಾರದ ಚೀಟಿಗಳು ಜೀಪಿನಲ್ಲೇ ಉಳಿದವು. ಮಗ್ಗದ ಮನೆತನಕ್ಕೆ ಚೀಟಿಯ ಗುರುತು ಯಾಕೆ ಎಂಬುದು ಹುಲ್ಲಪ್ಪನ ವಾದ.

ಮೊದಲ ಮನೆಯ ಸುನಿತಾ ಮಗ್ಗ ಬಿಟ್ಟು ಎದ್ದು ಬಂದಳು.

"ಅಕ್ಕಾರ, ಮಗ್ಗದ ಮನಿತನ ಮರೀಬ್ಯಾಡ್ರಿ."

"ಹೇಳಬೇಕೇನ್ರಿ? ಮಗ್ಗದಾರಿಗೇ ಹಾಕ್ತೇವಿ. ಮೊದಲ ಕುಂದರ್ರಿ, ರೊಟ್ಟಿ ಆರತಾವ."

ರೊಟ್ಟಿ, ಎಣ್ಣೆಗಾಯಿ. ಮುಂದಿನ ಮನೆಯಲ್ಲಿ ಮಾದಲಿ. ಅದರಾಚೆ ಶೇಂಗಾ ಹೋಳಿಗೆ, ಅದರ ಮೇಲೆ ಮಿಳ್ಳೆಗಟ್ಟಲೆ ತುಪ್ಪ. ನಾಹಿದಾಳ ಮನೆಗೆ ಬರುವಷ್ಟರಲ್ಲಿ ಶಿವಪುತ್ರನ ಹೊಟ್ಟೆ ಮೊಹರಮ್ಮಿನ ಹಲಗೆಯಂತೆ ಬಿಗಿದಿತ್ತು.

"ಸಾಕ್ರಿ ತಂಗೀ, ಚಾ ಒಂದ ಕೊಡ್ರಿ."

"ಹೌದ್ರಿ? ಸುನಿತಕ್ಕಾರ ಮನ್ಯಾಗ ಎರಡು ಸಲ ನೀಡಿಸ್ಕೊಂಡ್ರಂತ. ನಮ್ಮ ಸುರಕುಂಬಾ ಏನ ಪಾಪ ಮಾಡೇತ್ರಿ?"

ಶಿವಪುತ್ರ ಬೆಲ್ಟು ಸಡಿಲಿಸಿ ಶಾವಿಗೆ ಪಾಯಸದ ಬಟ್ಟಲು ಎತ್ತಿದ. ಹೀಗೆಯೇ ಕೊನೆಯ ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಎಲ್ಲರದೂ ಒಂದೇ ಮಾತು: ಓಟು ಮಗ್ಗದಾರಿಗೇ. ಗೆದ್ದವನ ಗತ್ತಿನಲ್ಲಿ ಓಣಿ ದಾಟಿ, ಎಡಗಡೆಯ ಮನೆಯ ಮುದುಕಿ ಬಾಳವ್ವನ ಕಟ್ಟೆಯ ಮೇಲೆ ಮೂಟೆಯಂತೆ ಕೂತ.

"ದೊಡ್ಡ ಮನಸು ಬಿಡಪಾ ನಿಂದು," ಎಂದಳು ಬಾಳವ್ವ. "ಜಗಳಾಡಿ ಬ್ಯಾರೆ ಪಕ್ಷಕ್ಕ ಹೋದ ಕಾಕಾನ ಮಗಗ ದಿನಾಪೂರ್ತಿ ಓಟು ಕೇಳಿದಿ."

"ಯಮನೂರಗ? ನನಗ ಕೇಳೇನಿ ಬೇ!"

"ಎಲ್ಲಿದು? ಈ ಸಲ ವಾರ್ಡಿನ ಗೆರಿ ಓಣಿ ನಟ್ಟನಡುವ ಎಳದಾರ. ಬಲಗಡಿ ಅವನ ವಾರ್ಡು, ಅವನೂ ಮಗ್ಗದವನ. ನಿನಗ ಓಟು ಹಾಕೋರು ಎಡಗಡಿಯವರು. ಮುಂಜಾನಿಂದ ಹೋಳಿಗಿ ಮಾಡಿಟಗೊಂಡು ಬಾಗಲದಾಗ ನಿಂತೇವಿ. ನೀ ಈ ಕಡಿ ಮಾರಿನೂ ಹೊಳ್ಳಿಸಲಿಲ್ಲ."

ಶಿವಪುತ್ರ ಹುಲ್ಲಪ್ಪನನ್ನು ದುರುಗುಟ್ಟಿ ನೋಡಿದ.

"ಅಜ್ಜಾರದು ಎಮ್ಮೆಲ್ಲೆ ಎಲೆಕ್ಷನ್ ಅಲ್ಲೇನ್ರಿ," ಹುಲ್ಲಪ್ಪ ತಲೆ ಕೆರೆದುಕೊಂಡ. "ಆಗ ಎರಡೂ ಕಡಿ ನಮ್ಮವ ಇದ್ದವು."

ಶಿವಪುತ್ರ ಗೋಡೆ ಹಿಡಿದು ಎದ್ದ. "ಇನ್ನೂ ಹೊತ್ತು ಮುಣುಗಿಲ್ಲ. ತಾಟು ಹಚ್ಚಬೇ ಯವ್ವಾ. ಎಡಗಡಿ ಒಂದ ಮನಿನೂ ಬಿಡಂಗಿಲ್ಲ, ಸತ್ತರ ಉಂಡ ಸಾಯ್ತೇನಿ!"

"ಹಂಗ ಬಾ ದಾರಿಗೆ," ಎಂದು ಬಾಳವ್ವ ನಗುತ್ತ ಒಳಗೆ ತಿರುಗಿದಳು.

ಅಷ್ಟರಲ್ಲಿ ಬಲಗಡೆಯಿಂದ ಓಡಿಬಂದ ಯಮನೂರ, "ನಮ್ಮ ಪಕ್ಷಕ್ಕ ಓಟು ಕೇಳಿದಿಯಲ್ಲೋ ಅಣ್ಣಾ!" ಎಂದು ತನ್ನ ಕೊರಳಿನ ಹಾರ ತೆಗೆದು ಶಿವಪುತ್ರನ ಕೊರಳಿಗೆ ಹಾಕಿ ಗಟ್ಟಿಯಾಗಿ ತಬ್ಬಿಕೊಂಡ. ಬಲಗಡೆಯವರೆಲ್ಲ ಸಿಳ್ಳೆ ಹಾಕಿದರು. ಎಡಗಡೆಯ ಬಾಗಿಲುಗಳು, ಮೊದಲು ಬಾಳವ್ವನದು, ಒಂದೊಂದಾಗಿ ಮುಚ್ಚಿಕೊಂಡವು.